ಎರಡು ಗುಡ್ಡಗಳ ಬೀಗತನ

ಹೊಸ ಕೈಮಗ್ಗದ ಸೀರೆಯ ಗಂಜಿಗೆ ಒಂದು ವಾಸನೆ ಇರುತ್ತದೆ. ಅನ್ನ ಬಸಿದ ಗಂಜಿಯ ವಾಸನೆಯಲ್ಲ ಅದು. ಮಳೆಗಾಲದಲ್ಲಿ ಅರೆ ಒಣಗಿದ ಧೋತರಕ್ಕೂ ಆಗತಾನೇ ಸಾರಿಸಿದ ನೆಲಕ್ಕೂ ನಡುವಿನದು ಏನೋ ಒಂದು. ದೀಪಾವಳಿ ಕಳೆದ ಮೇಲೆ ಒಂದು ದಿನ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ, ಪಟ್ಟೇದ ಅಂಚಿನ ಸೀರೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ನರಗುಂದದ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಎಣ್ಣೆಯ ಘಾಟನ್ನೂ ದಾಟಿ ಆ ಗಂಜಿಯ ವಾಸನೆ ಮೂಗಿಗೆ ಬರುತ್ತಿತ್ತು. ನನ್ನ ತಂಗಿ ನೀಲಾಳ ಮಗಳಿಗೆ ನಾಡಿದ್ದು ಕುಬಸ, ಚೊಚ್ಚಲ ಬಸುರಿಯ ಸೀಮಂತ. ತವರಿನ ಸೀರೆ ಒಯ್ದು ಮುಟ್ಟಿಸುವ ಕೆಲಸ ನನ್ನದು. ನಿವೃತ್ತಿಯಾದ ಗಂಡಸಿಗೆ ಮನೆಯವರು ವಹಿಸಿಕೊಡುವ ಕೆಲಸಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಬೆನ್ನಿಗೆ ಚೀಲ ಹಾಕಿಕೊಂಡ ಗಂಡ ಹೆಂಡತಿ, ಇನ್ನೂ ಎಳೆಯ ಜೋಡಿ, ಬಂದು ನನ್ನ ಎದುರಿಗೆ ನಿಂತರು. ಮಾತಿನಲ್ಲಿ ಮೈಸೂರು ಕಡೆಯ ನಯ. "ಸರ್, ಬಾದಾಮಿ ಬಸ್ಸು ತಪ್ಪಿಹೋಯ್ತು. ಮುಂದಿನದು ತಡವಂತೆ. ಇಲ್ಲಿ ನೋಡುವಂಥದ್ದು ಏನಾದರೂ ಇದೆಯಾ?" ಎಂದು ಹುಡುಗ ಕೇಳಿದ.

"ಏನಿಲ್ರಿ. ಒಂದ್ ಗುಡ್ಡ ಐತಿ, ಅಷ್ಟ," ಅಂದೆ.

ನಮ್ಮ ಕಡೆಯವರ ರೂಢಿಯೇ ಹೀಗೆ. ತುಪ್ಪ ಸುರಿದು ಹೋಳಿಗೆ ಬಡಿಸಿ 'ಬಡವರ ಮನಿ ಊಟರೀ' ಅನ್ನುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಬೇರೆ ಕಟ್ಟಿಟ್ಟಿದ್ದೇವೆ. ಆದರೆ ಆ ಮಾತು ಬಾಯಿಂದ ಬಿದ್ದ ಕೂಡಲೇ ಈರಣ್ಣ ಕಾಕಾ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಅವನು ಇದನ್ನು ಕೇಳಿಸಿಕೊಂಡಿದ್ದರೆ ಅಣ್ಣನ ಮಗ ಎಂದೂ ನೋಡದೆ ನನ್ನನ್ನು ಅದೇ ನಿಲ್ದಾಣದಲ್ಲಿ ಬಯ್ದು ಬಿಡುತ್ತಿದ್ದ.

ಈರಣ್ಣ ಕಾಕಾ ನಮ್ಮಪ್ಪನ ತಮ್ಮ. ಅಪ್ಪ ಸಾಲಿ ಮಾಸ್ತರಿಕೆ ಹಿಡಿದು ರೋಣಕ್ಕೆ ಹೋಗಿ ಅಲ್ಲಿಯವನೇ ಆದ. ಕಾಕಾ ಗಜೇಂದ್ರಗಡದಲ್ಲಿ, ಗುಡ್ಡದ ಬುಡದ ಓಣಿಯಲ್ಲಿ, ಅಜ್ಜನ ಮಗ್ಗ ಹಿಡಿದು ಕುಳಿತ. ಕುಳಿತ ಅಂತ ಹೇಳುವುದು ಬರೀ ಮಾತಿಗೆ. ಅವನು ಮಗ್ಗದಲ್ಲಿ ಕುಳಿತಿದ್ದಕ್ಕಿಂತ ಎದ್ದು ಹೋದದ್ದೇ ಹೆಚ್ಚು. ನೂಲು ತರುತ್ತೇನೆ ಎಂದು ಬಸ್ ನಿಲ್ದಾಣದ ಕಡೆ ಹೋದವನು, ಹೊಸಬರ ಮುಖ ಕಂಡರೆ ಸಾಕು, ಹತ್ತಿರ ಹೋಗಿ ನಿಲ್ಲುತ್ತಿದ್ದ. "ಯಾವೂರ್ರಿ? ಬಸ್ ಹೋತೇನು? ಹೋಗ್ಲಿ ಬಿಡ್ರಿ, ಅದು ನಾಳೆನೂ ಬರತೈತಿ. ಬರ್ರಿ, ಊರ ನೋಡೂಣು." ಬಸ್ಸು ತಪ್ಪಿದವರೆಲ್ಲ ಈರಣ್ಣನ ಬೀಗರು ಎಂದು ಓಣಿಯ ಜನ ನಗುತ್ತಿದ್ದರು. ಆ ಬೀಗರಿಗೆ ಚಹಾ ಕುಡಿಸಿ, ಮಗ್ಗ ತೋರಿಸಿ, ಊರಾಚೆಯ ಕಾಲಕಾಲೇಶ್ವರನ ಗುಡಿಗೆ ಕರೆದೊಯ್ದು, ಬಂಡೆಯೊಳಗಿಂದ ಬೇಸಿಗೆಯಲ್ಲೂ ಜಿನುಗುವ ನೀರನ್ನು ತಲೆಗೆ ಚಿಮುಕಿಸಿ, ಯುಗಾದಿಯ ಮುನ್ನಾದಿನ ಅಲ್ಲಿ ಸುಣ್ಣ ಬೆಂಕಿಯಿಲ್ಲದೆ ತಾನೇ ಕುದಿಯುತ್ತದೆಂಬುದನ್ನು ತಾನೇ ಕುದಿಯುತ್ತ ಹೇಳಿ, ಕಡೆಗೆ ಕೋಟೆಯ ಗುಡ್ಡ ಹತ್ತಿಸುತ್ತಿದ್ದ.

ಕೋಟೆಯ ಮೇಲೆ ಅವನ ಆಟದ ಕೊನೆಯ ಅಂಕ ನಡೆಯುತ್ತಿತ್ತು. ಮುರಿದ ಗೋಡೆಯ ಮೇಲೆ ಒಂದು ಕಾಲಿಟ್ಟು, ಪಡುವಣಕ್ಕೆ ಕೈ ಚಾಚುತ್ತಿದ್ದ. "ಅಕೋ, ಅದು ಲಕ್ಕಲಕಟ್ಟಿ. ಅದರಾಚೆ ರೋಣ, ನಮ್ಮಣ್ಣ ಇರೂ ಊರು. ಅದರಾಚೆ, ಆ ತುದೀಗೆ ಸಣ್ಣಂಗ ಕರ‍್ರಗ ಎದ್ದೈತಲ್ಲ, ಅದ ನರಗುಂದದ ಗುಡ್ಡ!" ಲಕ್ಕಲಕಟ್ಟಿಯ ಗಿಡಗಳು ಎಲ್ಲರಿಗೂ ಕಾಣುತ್ತಿದ್ದವು. ರೋಣ ನಂಬಿದವರಿಗೆ ಕಾಣುತ್ತಿತ್ತು. ನರಗುಂದದ ಗುಡ್ಡ ಮಾತ್ರ ಒಬ್ಬರಿಗೂ ಕಾಣುತ್ತಿರಲಿಲ್ಲ. ಆದರೆ ಕಾಣುತ್ತದೆ ಅನ್ನುವ ತನಕ ಕಾಕಾ ಅವರನ್ನು ಕೆಳಗಿಳಿಯಲು ಬಿಡುತ್ತಿರಲಿಲ್ಲ. ಹೊಟ್ಟೆ ಹಸಿದ ಪ್ರವಾಸಿಗೆ ಬೇಗ ಕಾಣುತ್ತಿತ್ತು.

ಅವನು ಎದ್ದುಹೋದ ಮಗ್ಗದಲ್ಲಿ ಅವನ ಮಗಳು ನೀಲಾ ಕೂರುತ್ತಿದ್ದಳು. ಕಾಕಿ ಬಹಳ ಮೊದಲೇ ತೀರಿಕೊಂಡಿದ್ದಳು. ತಂದೆ ಮಗಳು ಇಬ್ಬರದೇ ಸಂಸಾರ. ಒಂದೇ ಸೀರೆಯಲ್ಲಿ ಕಾಕಾನ ಕೈ ಎಲ್ಲಿ ಮುಗಿದು ನೀಲಾಳ ಕೈ ಎಲ್ಲಿ ಶುರುವಾಯಿತು ಎಂಬುದು ಉಟ್ಟವರಿಗೆ ಎಂದೂ ಗೊತ್ತಾಗಲಿಲ್ಲ. ಆ ಪಟ್ಟೇದ ಅಂಚಿನ ಸೀರೆಯ ಗುಣವೇ ಅದು, ಅದಕ್ಕೆ ಒಳಮಗ್ಗುಲು ಹೊರಮಗ್ಗುಲು ಇಲ್ಲ. ಹೇಗೆ ತಿರುವಿ ಉಟ್ಟರೂ ಒಂದೇ ಅಂದ, ಒಂದೇ ಅಂಚು.

ನೀಲಾಳಿಗೆ ನರಗುಂದದ ಒಂದು ಸಂಬಂಧ ಬಂತು. ನಮ್ಮವರೇ. ಎರಡು ತಲೆಮಾರಿನ ಹಿಂದೆ ಮಗ್ಗ ಬಿಟ್ಟು ಕಾಳಿನ ವ್ಯಾಪಾರಕ್ಕೆ ಇಳಿದ ಮನೆತನ. ಮಲ್ಲಪ್ಪನವರು ಅಂದರೆ ನರಗುಂದದ ಪೇಟೆಯಲ್ಲಿ ದೊಡ್ಡ ಹೆಸರು. ಅವರ ಮಗ ಶೇಖರ ಮಾತು ಕಡಿಮೆಯ ಹುಡುಗ. ರೋಣದಲ್ಲಿ ಯಾರದೋ ಮದುವೆಯಲ್ಲಿ ನೀಲಾ ಅವನನ್ನು ನೋಡಿದ್ದಳು. ಬಡಿಸುವಾಗ ಅವನು ಸಾರಿನ ಬಕೆಟು ಹಿಡಿದು ಮುದುಕರ ಸಾಲಿನ ಹತ್ತಿರ ಹೆಚ್ಚು ಹೊತ್ತು ನಿಂತದ್ದನ್ನು ನಮ್ಮವ್ವನಿಗೆ ಹೇಳಿದಳಂತೆ. ಹುಡುಗಿಯೊಬ್ಬಳು ಹುಡುಗ ಬಕೆಟು ಹಿಡಿಯುವ ರೀತಿಯನ್ನೂ ನೆನಪಿಟ್ಟುಕೊಂಡಿದ್ದಾಳೆ ಅಂದರೆ ಬೇರೆ ಏನು ಹೇಳಬೇಕು? ಅವ್ವನಿಗೆ ಅರ್ಥವಾಯಿತು.

ಶ್ರಾವಣದಲ್ಲಿ ಹೆಣ್ಣು ನೋಡಲು ಬರುವುದೆಂದು ಗೊತ್ತಾಯಿತು. ನಾವು ರೋಣದಿಂದ ಹಿಂದಿನ ದಿನವೇ ಹೋದೆವು. ಆಗ ನಾನು ಬಿ.ಎ. ಮುಗಿಸಿ, ನೌಕರಿ ಹುಡುಕುತ್ತೇನೆ ಎಂಬ ಹೆಸರಿನಲ್ಲಿ ಮನೆಯ ರೊಟ್ಟಿ ಖಾಲಿ ಮಾಡುತ್ತಿದ್ದೆ. ಹೀಗಾಗಿ ಎಲ್ಲ ಶುಭಕಾರ್ಯಗಳಿಗೂ ನಾನು ಪುರುಸೊತ್ತಾಗಿರುತ್ತಿದ್ದೆ. ನೀಲಾ ಅವ್ವನನ್ನು ಅಡುಗೆಮನೆಗೆ ಕರೆದು ಒಂದೇ ಮಾತು ಹೇಳಿದಳು. "ದೊಡ್ಡವ್ವಾ, ನನಗ ಏನೂ ಬ್ಯಾಡ. ಅಪ್ಪ ಅವರನ್ನ ಗುಡ್ಡಾ ಹತ್ತಸದಂಗ ನೋಡಿಕೋ."

ಅವ್ವ ಕಾಕಾನನ್ನು ಎದುರಿಗೆ ಕೂರಿಸಿಕೊಂಡಳು. ಅತ್ತಿಗೆಯ ಮಾತು ಅವನಿಗೆ ತಾಯಿಯ ಮಾತು. "ನೋಡು ಈರಣ್ಣ, ನಾಳೆ ಗುಡ್ಡದ ಸುದ್ದಿ ತಗೀಬಾರ್ದು."

"ನಾ ಯಾಕ ತಗೀಲಿ ವೈನಿ?"

"ಆಣಿ ಮಾಡು."

"ಕಾಲಕಾಲೇಶ್ವರನ ಆಣಿ. ನಾನಾಗಿ ಗುಡ್ಡದ ಹೆಸರ ಎತ್ತೂದಿಲ್ಲ," ಅಂದ. ಅವನು ಆಣೆಯನ್ನು ಎಷ್ಟು ಜಾಣತನದಿಂದ ಮಾಡಿದ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಮರುದಿನ ಮಲ್ಲಪ್ಪನವರು, ಶೇಖರ, ಮತ್ತು ಮಲ್ಲಪ್ಪನವರ ತಾಯಿ ಬಂದರು. ಆ ಅಜ್ಜಿಗೆ ಮೊಣಕಾಲು ನೋವು, ಕೈಹಿಡಿದು ಒಳಗೆ ಕರೆತರಬೇಕಾಯಿತು. ಮಲ್ಲಪ್ಪನವರು ಗಿಡ್ಡ ಆಳು, ಆದರೆ ಕೂತ ರೀತಿಯಲ್ಲಿ ಎತ್ತರ ಇತ್ತು. ನೀಲಾ ಬಂದು ನಮಸ್ಕಾರ ಮಾಡಿ ಹೋದಳು. ಒಲೆಯ ಮೇಲೆ ಉಪ್ಪಿಟ್ಟಿಗೆ ಒಗ್ಗರಣೆ ಬಿತ್ತು. ಎಲ್ಲ ಚಲೋ ನಡೆದಿತ್ತು. ಆದರೆ ಇಂಥ ಹೊತ್ತಿನಲ್ಲಿ ಒಂದು ಮೌನ ಬರುತ್ತದೆ ನೋಡಿ, ಎಲ್ಲರೂ ತಮ್ಮ ತಮ್ಮ ಅಂಗೈ ನೋಡಿಕೊಳ್ಳುವ ಮೌನ, ಅದು ಬಂತು. ಆ ಮೌನವನ್ನು ಸಹಿಸಲಾರದೆ ಮಾತು ಕಡಿಮೆಯ ಶೇಖರ ಬಾಯಿ ತೆರೆದ.

"ಈ ಊರಾಗ ನೋಡುವಂಥಾದ್ದು ಏನೇನ್ ಐತ್ರಿ?"

ಕಾಕಾ ಅವ್ವನ ಕಡೆ ನೋಡಿದ. ಅವ್ವ ಕಣ್ಣಲ್ಲೇ ಬೇಡ ಅಂದಳು. ಅಡುಗೆಮನೆಯ ಬಾಗಿಲ ಸಂದಿನಲ್ಲಿ ನೀಲಾಳ ಬಳೆ ಸದ್ದಾಯಿತು. ಆದರೆ ಕಾಕಾ ಆಗಲೇ ಎದ್ದು ನಿಂತು ತಲೆಗೆ ಪಟಕಾ ಸುತ್ತಿಕೊಳ್ಳುತ್ತಿದ್ದ. "ನಾನಾಗಿ ಎತ್ತಲಿಲ್ಲ ವೈನಿ, ಅಳಿಯಂದ್ರ ಕೇಳ್ಯಾರ," ಅಂದ. ಮಾತುಕತೆ ಮುಗಿಯುವ ಮೊದಲೇ ಅಳಿಯ ಅಂದಿದ್ದಕ್ಕೆ ಮಲ್ಲಪ್ಪನವರ ಹುಬ್ಬು ಒಂದಿಷ್ಟು ಮೇಲೇರಿತು.

ಅಜ್ಜಿಯನ್ನು ಕೆಳಗೇ ಬಿಟ್ಟು ಗಂಡಸರೆಲ್ಲ ಹತ್ತಿದೆವು. ಮಲ್ಲಪ್ಪನವರಿಗೆ ಏದುಸಿರು. ಹೊಸ ಚಪ್ಪಲಿಯ ಉಂಗುಷ್ಠ ಅರ್ಧ ದಾರಿಯಲ್ಲೇ ಕಿತ್ತುಹೋಯಿತು. ಆದರೂ ಬೀಗತನದ ಮರ್ಯಾದೆಗೆ ಸುಮ್ಮನೆ ಹತ್ತಿದರು. ಮೇಲೆ ಹೋಗುವಷ್ಟರಲ್ಲಿ ಶ್ರಾವಣದ ಮೋಡ ಪಡುವಣ ದಿಕ್ಕನ್ನೆಲ್ಲ ಮುಚ್ಚಿತ್ತು. ಲಕ್ಕಲಕಟ್ಟಿಯೂ ಕಾಣಲಿಲ್ಲ. ಕಾಕಾ ಮುರಿದ ಗೋಡೆಯ ಮೇಲೆ ಕಾಲಿಟ್ಟ.

"ಅಕೋ, ಆ ಮೋಡದ ಹಿಂದ ನಿಮ್ಮ ನರಗುಂದದ ಗುಡ್ಡ."

"ಎಲ್ಲಿ?"

"ಅಲ್ಲೇರಿ. ತಡೀರಿ, ಮೋಡ ಸರೀಲಿ."

ಮೋಡ ಸರಿಯಲಿಲ್ಲ. ನಾವು ನಿಂತೇ ಇದ್ದೆವು. ಗಾಳಿಗೆ ಧೋತರಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಅಪ್ಪ ಎರಡು ಸಲ "ಈರಣ್ಣ, ಇಳಿಯೂಣೇನು?" ಅಂದ. ಕಾಕಾ ಕೇಳಿಸಿಕೊಳ್ಳಲಿಲ್ಲ. ಕಡೆಗೆ ಮಲ್ಲಪ್ಪನವರೇ ಗಂಟಲು ಸರಿಮಾಡಿಕೊಂಡರು.

"ಈರಣ್ಣಾರ, ಹುಟ್ಟಿದಾಗಿಂದ ನಾ ನರಗುಂದದ ಗುಡ್ಡಾ ಹತ್ತೀನಿ. ಅಲ್ಲಿಂದ ಗಜೇಂದ್ರಗಡ ಎಂದೂ ಕಂಡಿಲ್ಲ. ಅಂದಮ್ಯಾಲೆ ಇಲ್ಲಿಂದ ಅದು ಹ್ಯಾಂಗ ಕಾಣತೈತಿ?"

ಇಲ್ಲಿ ಕಾಕಾ ಸುಮ್ಮನಿದ್ದಿದ್ದರೆ ಮದುವೆ ಅಂದೇ ಗಟ್ಟಿಯಾಗುತ್ತಿತ್ತು. "ಅದಕ್ಕ ಕಾರಣ ಐತ್ರಿ. ನಮ್ಮ ಗುಡ್ಡ ಎತ್ತರ. ಎತ್ತರಿದ್ದಾಂವಗ ಗಿಡ್ಡಿದ್ದಾಂವ ಕಾಣತಾನ, ಆದರ ಗಿಡ್ಡಿದ್ದಾಂವಗ..." ಅಂದವನು ಮಲ್ಲಪ್ಪನವರನ್ನು ಮೇಲಿಂದ ಕೆಳಗೆ ನೋಡಿ ಅಲ್ಲಿಗೇ ನಿಲ್ಲಿಸಿದ. ನಿಲ್ಲಿಸಿದ್ದರಿಂದ ಮಾತು ಇನ್ನೂ ಕೆಟ್ಟಿತು.

ಮಲ್ಲಪ್ಪನವರ ಮುಖ ಕೆಂಪಾಯಿತು. "ಗಿಡ್ಡ? ಇಂಗ್ಲಿಷರಿಗೆ ಎದಿ ಕೊಟ್ಟ ಗುಡ್ಡಾರೀ ಅದು! ಅರಸ ಜೀವಾ ಕೊಟ್ಟ ಊರು. ನಿಮ್ಮ ಗುಡ್ಡ ಏನ್ ಮಾಡೇತಿ? ಗಾಳಿ ಕುಡಕೋತ ಕುಂತೈತಿ."

"ನಮ್ಮ ಕೋಟಿ ಮರಾಠರ ಕಾಲದ್ದರಿ!"

"ಇದ್ದೀತು. ನಿಮ್ಮ ಕೋಟಿ ಸಲುವಾಗಿ ಯಾರ ಸತ್ತಾರ?"

ಜಗಳ ಬಿಡಿಸಲು ಅಪ್ಪ ಒಂದು ಚಟಾಕಿ ಹಾರಿಸಿದ. "ನಮ್ಮ ರೋಣ ಚಲೋ ನೋಡ್ರಿ. ದ್ರೋಣಾಚಾರ್ಯರ ಊರು ಅಂತಾರ, ಹಳೇ ಕಲ್ಲಿನ ಗುಡಿ ಬೇಕಾದಷ್ಟು. ಆದರ ಗುಡ್ಡ ಇಲ್ಲ. ಹಿಂಗಾಗಿ ಈ ತ್ರಾಸಿಲ್ಲ." ಯಾರೂ ನಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ಜಿಟಿಜಿಟಿ ಮಳೆ ಶುರುವಾಯಿತು. ಒಬ್ಬರ ಹಿಂದೊಬ್ಬರು ತೊಯ್ದುಕೊಂಡು ಇಳಿದೆವು. ಶೇಖರ ತಂದೆಯ ಹರಿದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ಇಂಥ ಪ್ರಶ್ನೆ ಯಾಕಾದರೂ ಕೇಳಿದೆನೋ ಅನ್ನುವುದು ಅವನ ಮುಖದಲ್ಲಿ ಬರೆದಿತ್ತು.

ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಮಲ್ಲಪ್ಪನವರು ತಾಟಿನ ಅಂಚಿನಲ್ಲಿ ಎರಡು ತುತ್ತು ತಿಂದು ಕೈತೊಳೆದರು. ಹೊರಡುವಾಗ "ತಿಳಸ್ತೀವ್ರಿ" ಅಂದರು. ನಮ್ಮಲ್ಲಿ ಒಲ್ಲೆ ಅನ್ನುವುದಕ್ಕೆ ಇದಕ್ಕಿಂತ ಮರ್ಯಾದೆಯ ಮಾತಿಲ್ಲ. ಅಜ್ಜಿ ಏನೋ ಹೇಳಲು ಬಾಯಿ ತೆರೆದಳು, ಮಗ ಆಗಲೇ ಗಾಡಿ ಹತ್ತಿದ್ದ.

ನೀಲಾ ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು, ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿದಳು. ಆ ಸಂಜೆ ನೂಲು ಬಡಿಯುವ ಹಲಗೆಯ ಪೆಟ್ಟು ಎಷ್ಟು ಬಿರುಸಾಗಿ ಬೀಳುತ್ತಿತ್ತು ಅಂದರೆ ಪಡಸಾಲೆಯ ಗೂಡಿನಲ್ಲಿದ್ದ ಚಿಮಣಿಯ ಗಾಜು ನಡುಗುತ್ತಿತ್ತು. ಕಾಕಾ ಹೊರಗಿನ ಕಟ್ಟೆಯ ಮೇಲೆ ತೊಯ್ದ ಬಟ್ಟೆಯಲ್ಲೇ ಕುಳಿತಿದ್ದ. ಅವ್ವ ಬಯ್ಯಬೇಕೆಂದು ಹೋದವಳು ಒಣ ಟವೆಲ್ಲು ಕೊಟ್ಟು ಬಂದಳು.

ಗುಡ್ಡದ ಸಲುವಾಗಿ ಹೆಣ್ಣು ಬಿಟ್ಟರಂತೆ ಎಂಬ ಸುದ್ದಿ ಮೂರೂ ಊರಿಗೆ ಹಬ್ಬಿತು. ಹೊಲದ ಬದುವಿಗೆ ಜಗಳಾಡಿ ಸಂಬಂಧ ಕಳೆದುಕೊಂಡವರನ್ನು ಕೇಳಿದ್ದೇವೆ, ತಮ್ಮ ಹೆಸರಿಗೆ ಒಂದು ಕಲ್ಲೂ ಇಲ್ಲದ ಗುಡ್ಡಕ್ಕೆ ಜಗಳಾಡಿದವರನ್ನು ಕೇಳಿರಲಿಲ್ಲ. ಜನ ನಕ್ಕರು. ನಾನೂ ಮೊದಮೊದಲು ರೋಣದಲ್ಲಿ ಗೆಳೆಯರ ಮುಂದೆ ಇದನ್ನು ಅಭಿನಯಿಸಿ ತೋರಿಸಿ ನಗಿಸುತ್ತಿದ್ದೆ. ಆದರೆ ಮಹಾನವಮಿಗೆ ಮುಂಚೆ ಒಮ್ಮೆ ಗಜೇಂದ್ರಗಡಕ್ಕೆ ಹೋದಾಗ ಆ ನಗು ನಿಂತುಹೋಯಿತು. ಕಾಕಾನ ಜೊತೆ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಿದ್ದೆ. ದೂರದ ಊರಿನ ಯಾರೋ ಹಿರಿಯರು ಬಂದು "ಕೋಟೆಗೆ ದಾರಿ ಯಾವುದ್ರಿ?" ಎಂದು ಅವನನ್ನೇ ಕೇಳಿದರು. ಕಾಕಾ ಕಪ್ಪಿನಿಂದ ಮುಖ ಎತ್ತಲಿಲ್ಲ.

"ಗೊತ್ತಿಲ್ರಿ. ನಾ ಈ ಊರಾಂವಲ್ಲ," ಅಂದ.

ಸತ್ತವರ ಮನೆಯಲ್ಲೂ ನಾನು ಅಷ್ಟು ದುಃಖದ ಮಾತು ಕೇಳಿರಲಿಲ್ಲ. ಆ ಹಿರಿಯರಿಗೆ ದಾರಿ ನಾನೇ ತೋರಿಸಿದೆ. ಕಾಕಾ ಅಷ್ಟು ಹೊತ್ತೂ ಗುಡ್ಡಕ್ಕೆ ಬೆನ್ನು ಮಾಡಿ ನಿಂತಿದ್ದ.

ಇನ್ನು ದಸರೆಯ ಮಾತು. ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಮುಡಿದು, ಆ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅನ್ನುವುದು ನಿಮಗೆ ಗೊತ್ತಿದ್ದೀತು. ವೈರಿ ಬಂದು ಕೊಟ್ಟರೂ ಬನ್ನಿಯನ್ನು ಒಲ್ಲೆ ಅನ್ನುವಂತಿಲ್ಲ. ವರ್ಷವೆಲ್ಲ ಮಾತು ಬಿಟ್ಟ ಅಣ್ಣತಮ್ಮಂದಿರು ಆ ದಿನ ಎಲೆಯ ನೆಪದಲ್ಲಿ ಕೈ ಮುಟ್ಟುತ್ತಾರೆ. ಹಬ್ಬದ ದಿನ ಆಗದಿದ್ದರೆ ಮುಂದೆ ಹುಣ್ಣಿಮೆಯ ತನಕವೂ ಕೊಟ್ಟಾರು. ಹಾಗೆ ದಸರೆಯ ಮರುದಿನ ಕಾಕಾನ ಮನೆಯ ಮುಂದೆ ನರಗುಂದದ ಗಾಡಿ ನಿಂತಿತು. ಮೊದಲು ಇಳಿದದ್ದು ಆ ಅಜ್ಜಿ. ಹಿಂದೆ ಶೇಖರ. ಕಡೆಗೆ, ದವಾಖಾನೆಗೆ ಕರೆತಂದ ರೋಗಿಯ ಹಾಗೆ, ಮಲ್ಲಪ್ಪನವರು.

ಹಬ್ಬಕ್ಕೆಂದು ನಾವೂ ಅಲ್ಲೇ ಇದ್ದೆವು. ಮಲ್ಲಪ್ಪನವರು ಜೇಬಿನಿಂದ ಬನ್ನಿ ತೆಗೆದು, ಗೋಡೆ ನೋಡುತ್ತ, ಕಾಕಾನ ಕೈಗೆ ಕೊಟ್ಟು ಹೇಳಬೇಕಾದ್ದನ್ನು ಹೇಳಿದರು. ಕಾಕಾನೂ ನೆಲ ನೋಡುತ್ತ ಹೇಳಿದ. ಅಜ್ಜಿ ಇಬ್ಬರನ್ನೂ ನೋಡಿ ತಲೆ ಅಲ್ಲಾಡಿಸಿದಳು.

"ಅವತ್ತ ನೀವು ಮ್ಯಾಲೆ ಹೋಗಿ ಏನೂ ಕಾಣದ ಬಂದ್ರಿ. ನಾ ಕೆಳಗ ಕುಂತು ಎಲ್ಲಾ ನೋಡೀನಿ."

ಆಗ ಗೊತ್ತಾಯಿತು, ನಾವು ಮಳೆಯಲ್ಲಿ ನಿಂತಿದ್ದಾಗ ಮನೆಯಲ್ಲಿ ಏನಾಗಿತ್ತೆಂದು. ಅವ್ವನೂ ಬಾಯಿ ಬಿಟ್ಟಿರಲಿಲ್ಲ, ಮುರಿದ ಸಂಬಂಧದ ಸುದ್ದಿ ಯಾಕೆಂದು. ಅಜ್ಜಿ ನೇಕಾರರ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಕಾಳಿನ ಮನೆ ಸೇರಿದ ಮೇಲೆ ಮಗ್ಗ ಮುಟ್ಟಿರಲಿಲ್ಲ. ಅಂದು ಒಳಗಿನ ಕುಣಿಮಗ್ಗ ನೋಡಿ, "ಯವ್ವಾ, ಗುಡ್ಡಾ ಹತ್ತಲಾರದ ಕಾಲು ಕುಣ್ಯಾಗ ಇಳೀತಾವು, ನನ್ನ ಕೈ ಹಿಡಿ" ಅಂದಳಂತೆ. ನೀಲಾ ಮೆಲ್ಲಗೆ ಇಳಿಸಿ ಕೂರಿಸಿದಳು. ಅಜ್ಜಿ ಲಾಳಿ ಎಸೆದು ಒಂದಿಷ್ಟು ನೆಯ್ದಳು. ಕೈ ಮರೆತಿತ್ತು, ಅಂಚು ಸಡಿಲವಾಯಿತು. ಮಾರುವ ಸೀರೆ ಅದು. ಆದರೂ ನೀಲಾ ಅದನ್ನು ಬಿಚ್ಚಲಿಲ್ಲ, "ಇರ್ಲಿ ಬಿಡ್ರಿ ಅಜ್ಜಿ, ಚಲೋ ಆಗೇತಿ" ಎಂದು ಅದರ ಮುಂದಿನಿಂದ ತನ್ನ ನೇಯ್ಗೆ ಹಿಡಿದಳು.

"ಮೊಮ್ಮಗ ದಿನಾ ಅರ್ಧಾ ರೊಟ್ಟಿ ಬಿಟ್ಟು ಏಳತಾನ," ಅಂದಳು ಅಜ್ಜಿ. "ನನಗ ಈ ಹುಡುಗೀನ ಬೇಕು. ನಿಮ್ಮ ನಿಮ್ಮ ಗುಡ್ಡಾ ನೀವ ಇಟಗೋರಿ."

ಶೇಖರ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. ಮಲ್ಲಪ್ಪನವರು ಒಪ್ಪುವುದಕ್ಕೇ ಬಂದಿದ್ದರು. ಆದರೆ ವ್ಯಾಪಾರಿ ಮನುಷ್ಯ, ಒಂದನ್ನಾದರೂ ಗೆಲ್ಲದೆ ಹೇಗೆ ಎದ್ದಾರು? "ಆಗಲಿ. ಆದರ ಈರಣ್ಣಾರ ಒಂದ್ ಮಾತು ಖರೇ ಹೇಳಬೇಕು. ಇಲ್ಲಿಂದ ನರಗುಂದ ಕಾಣತೈತೋ ಇಲ್ಲೋ?"

ಕಾಣುತ್ತದೆ ಅಂದರೆ ಮದುವೆ ಹೋಯಿತು, ಇಲ್ಲ ಅಂದರೆ ಕಾಕಾನೇ ಹೋದಂತೆ. ಅವನು ಅಂಗೈಯ ಬನ್ನಿಯನ್ನು ಬಹಳ ಹೊತ್ತು ನೋಡಿದ.

"ನನಗ ಎಂದೂ ಕಂಡಿಲ್ರಿ," ಅಂದ ಮೆಲ್ಲಗೆ. "ನಮ್ಮಪ್ಪ ತೋರಸ್ತಿದ್ದ. ಹೆಗಲ ಮ್ಯಾಲೆ ಕುಂಡ್ರಿಸಿಕೊಂಡು, ಅಕೋ ನರಗುಂದ, ಅಕೋ ನರಗುಂದ ಅಂತ. ಅವಗ ಕಾಣತಿತ್ತು. ನಾನೂ ಒಂದಿನ ನೋಡೇನು ಅಂತ ಹತ್ತಕೋತ ಬಂದೀನಿ. ಒಬ್ಬನ ಹ್ಯಾಂಗ ಹೋಗೂದು ಅಂತ ಮಂದೀನ ಕರಕೊಂಡ ಹೋಗತೀನಿ."

ಅಪ್ಪ ಪಟಕ್ಕನೆ ಮುಖ ತಿರುಗಿಸಿದ. ಅವನೂ ಅದೇ ಹೆಗಲ ಮೇಲೆ ಕುಳಿತವನಲ್ಲವೇ! ಮಲ್ಲಪ್ಪನವರಿಗೆ ಗೆದ್ದ ಮಾತು ಬೇಡವಾಯಿತು. ಜೇಬಿನಲ್ಲಿ ಉಳಿದಿದ್ದ ಬನ್ನಿಯನ್ನೆಲ್ಲ ತೆಗೆದು ಕಾಕಾನ ಎರಡೂ ಕೈಗೆ ತುಂಬಿ, ಆ ಕೈಗಳನ್ನು ಹಾಗೇ ಹಿಡಿದುಕೊಂಡು ಕುಳಿತರು. ಒಳಗೆ ಅವ್ವ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು.

ಮದುವೆಯಲ್ಲಿ ಅಜ್ಜಿ ಉಟ್ಟದ್ದು ಅದೇ ಸಡಿಲ ಅಂಚಿನ ಸೀರೆ. ಮಾರುವುದಕ್ಕೆ ಅವಳು ಬಿಡಲಿಲ್ಲ.

ಮದುವೆಯಾದ ಮೊದಲ ನಾಗರಪಂಚಮಿಗೆ ನೀಲಾ ತವರಿಗೆ ಬಂದಳು. ನಾನೇ ಕರೆತಂದಿದ್ದೆ. ಉಂಡಿ ತಿಂದದ್ದಾಯಿತು, ಜೋಕಾಲಿ ಆಡಿದ್ದಾಯಿತು. ಕಾಕಾ ಏನೋ ಕೇಳಬೇಕೆಂದು ಸುತ್ತಮುತ್ತ ಸುಳಿಯುತ್ತಿದ್ದ. ಕಡೆಗೆ ಕಂಡಿಕೆಗೆ ನೂಲು ಸುತ್ತುವ ನೆಪದಲ್ಲಿ ಅವಳ ಹತ್ತಿರ ಕುಳಿತ.

"ನಿಮ್ಮೂರ ಗುಡ್ಡಾ ಹತ್ತಿದ್ದೇನವಾ?"

"ಹತ್ತಿದ್ದೆ."

"ಅಲ್ಲಿಂದ..." ಎಂದು ನಿಲ್ಲಿಸಿದ.

"ಕಾಣತೈತಿ ಅಪ್ಪಾ," ಅಂದಳು ನೀಲಾ. "ಚಂದಂಗ ಕಾಣತೈತಿ. ಗಾಳಿ ಈ ಕಡಿಂದ ಬೀಸಿದ್ರ ನಿನ್ನ ಮಗ್ಗದ ಸಪ್ಪಳಾನೂ ಕೇಳತೈತಿ." ಅಪ್ಪನ ಮಗಳೇ ಅವಳು. ಹೇಳುವಾಗ ಕಣ್ಣು ಮಿಟುಕಿಸಲೂ ಇಲ್ಲ.

ಮರುದಿನದಿಂದ ಕಾಕಾ ಮತ್ತೆ ಬಸ್ ನಿಲ್ದಾಣಕ್ಕೆ ಹೊರಟ. ಬದುಕಿರುವ ತನಕ ಊರು ತೋರಿಸಿದ. ಒಂದೇ ಒಂದು ಬದಲಾವಣೆ. ಮುರಿದ ಗೋಡೆಯ ಮೇಲೆ ಕಾಲಿಟ್ಟು ಪಡುವಣಕ್ಕೆ ಕೈ ಚಾಚಿದಾಗ, ನರಗುಂದದ ಗುಡ್ಡ ಅನ್ನುತ್ತಿರಲಿಲ್ಲ. "ಅಕೋ, ಅಲ್ಲಿ ನಮ್ಮ ನೀಲಾ ಇರ್ತಾಳ," ಅನ್ನುತ್ತಿದ್ದ. ಆಮೇಲೆ ಕಾಣುತ್ತದೋ ಇಲ್ಲವೋ ಎಂದು ಯಾರನ್ನೂ ಪೀಡಿಸಲಿಲ್ಲ.

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಮೈಸೂರು ಕಡೆಯ ಆ ಜೋಡಿ ನನ್ನ 'ಏನಿಲ್ರಿ'ಯನ್ನು ನಂಬಿ ಮಿರ್ಚಿಯ ಗಾಡಿಯತ್ತ ನಡೆದಿತ್ತು. ನರಗುಂದದ ಬಸ್ಸು ಆಗತಾನೇ ಒಳಗೆ ಬಂದು ನಿಂತಿತು. ನಾನು ಸೀರೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದೆ. ಬಸ್ಸಿನತ್ತ ಅಲ್ಲ.

"ಬರ್ರಿ, ಊರ ನೋಡೂಣು," ಅಂದೆ.

ಈ ವಯಸ್ಸಿನಲ್ಲಿ ಆ ಗುಡ್ಡ ಹತ್ತಿದ್ದನ್ನು ವರ್ಣಿಸುವುದು ಬೇಡ. ನನ್ನ ಏದುಸಿರು ಕೇಳಿ ಹುಡುಗಿ ಹೆದರಿಕೊಂಡು ನೀರಿನ ಬಾಟಲಿ ಕೊಟ್ಟಳು. ಮೇಲೆ ಈಗ ಸುತ್ತೆಲ್ಲ ಗಾಳಿಯಂತ್ರಗಳು. ಗಾಳಿ ಕುಡಕೋತ ಕುಂತೈತಿ ಅಂದಿದ್ದರಲ್ಲ ಮಲ್ಲಪ್ಪನವರು, ಆ ಗಾಳಿಯೇ ಈಗ ದೀಪವಾಗಿ ನರಗುಂದದಲ್ಲೂ ಉರಿಯುತ್ತಿದ್ದೀತು. ಮುರಿದ ಗೋಡೆ ಅಲ್ಲೇ ಇತ್ತು. ಕಾಲಿಟ್ಟೆ. "ಅಕೋ ಲಕ್ಕಲಕಟ್ಟಿ. ಅದರ ಆಚೆ ನಮ್ಮ ರೋಣ. ಅದರಾಚೆ, ಆ ತುದೀಗೆ..." ಅನ್ನುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನೀಲಾ.

"ಅಣ್ಣಾ, ಬಸ್ ಹತ್ತೀಯಿಲ್ಲೋ? ಎಲ್ಲಿದ್ದಿ?"

"ಬಸ್ ಹೋತವಾ. ಹೋಗ್ಲಿ ಬಿಡು, ಅದು ನಾಳೆನೂ ಬರತೈತಿ. ಕೋಟಿ ಮ್ಯಾಲಿದ್ದೀನಿ."

ಆ ಕಡೆ ಮನೆತುಂಬ ಬಂದ ಹೆಣ್ಣುಮಕ್ಕಳ ಗದ್ದಲ ಕೇಳುತ್ತಿತ್ತು. ಬಾಗಿಲು ದಾಟಿ ಹೊರಗೆ ಬಂದಳೇನೋ, ಗದ್ದಲ ಹಿಂದೆ ಸರಿಯಿತು.

"ಆ ಗೋಡಿ ಹತ್ರ?"

"ಹೂಂ."

"ಕಾಣತೈತೇನೋ ಅಣ್ಣಾ?" ಅಂದಳು. ಅಜ್ಜಿಯಾಗಲಿರುವ ಹೆಂಗಸಿನ ದನಿಯಾಗಿರಲಿಲ್ಲ ಅದು.

ನಾನು ಪಡುವಣಕ್ಕೆ ನೋಡಿದೆ. ಬಿಸಿಲು ಇಳಿಯುತ್ತಿತ್ತು. ಭೂಮಿ ಮುಗಿಯುವಲ್ಲಿ ಬರೀ ಮಬ್ಬು.

"ಕಾಣತೈತವಾ," ಅಂದೆ. "ಚಂದಂಗ ಕಾಣತೈತಿ."